ನಲವತ್ತು ಖಾಲಿ ಡಬ್ಬಗಳು

ಟಿಣ್...

ರಾತ್ರಿ ಒಂದು ಗಂಟೆ. ಮುಂಬೈ ಬಳಿಯ ಡೊಂಬಿವಲಿಯ ಕೈಗಾರಿಕಾ ವಲಯ ಎಂಐಡಿಸಿಯ ಆ ಹಳೆಯ ವಸತಿ ಸೊಸೈಟಿಯಲ್ಲಿ ಸ್ಟೀಲಿಗೆ ಸ್ಟೀಲು ತಗುಲಿದ ಸಣ್ಣ ಸದ್ದು. ಅನುಷ್ಕಾ ಹಾಸಿಗೆಯಿಂದ ಜಿಗಿದೆದ್ದಳು.

ನನ್ನ ಡಬ್ಬಗಳು!

ನೆರೆಮನೆಗಳಿಂದ ಕೇಳಿ ತಂದ ನಲವತ್ತು ಸ್ಟೀಲ್ ಡಬ್ಬ. ಕೆಳಗಿನ ಸೊಸೈಟಿ ಹಾಲ್‌ನಲ್ಲಿ, ಮುಚ್ಚಳ ತೆಗೆದು, ಗಾಳಿಗೆ ತೂಗುವಂತೆ ದಾರಕ್ಕೆ ಕಟ್ಟಿದ್ದಳು. ಅವಳ ಈ ಕಲಾಕೃತಿಯ ಹೆಸರು ‘ಖಾಲಿ’. ಬೆಳಿಗ್ಗೆ ಹತ್ತಕ್ಕೆ ಖಾರಘರದ ಆರ್ಟ್ ಗ್ಯಾಲರಿಯಿಂದ ಜಯಲತಾ ಮೇಡಂ ನೋಡಲು ಬರುವವರಿದ್ದರು. ಮೂರು ಸಲ ‘ಸಾರಿ’ ಎಂದ ಗ್ಯಾಲರಿ. ಇದೇ ಕೊನೆಯ ಅವಕಾಶ.

ಓಡಿಬಂದು ನೋಡಿದರೆ ಸ್ಟೂಲಿನ ಮೇಲೆ ಸಮಿತ್! ಮೂರನೇ ಮಹಡಿಯ ವಿನೋದಾ ಆಂಟಿಯ ಮಗ. ಹಾಲ್‌ನ ಕೀ ಇರುವುದು ಅವರ ಮನೆಯಲ್ಲೇ. ಕೈಯಲ್ಲಿ ಸಕ್ಕರೆ ಪ್ಯಾಕೆಟ್. ಡಬ್ಬಗಳು ಭಾರಕ್ಕೆ ಓರೆಯಾಗಿ, ನೆಲದ ತುಂಬ ಸಕ್ಕರೆ...

“ಎಂತ ಮಾಡ್ತಾ ಇದ್ದೀ ನೀನು?”

“ಅರೇ, ಸುನ್ ನಾ, ಕೇಳು... ಆಮೇಲೆ ವಾಪಸ್ ಕೊಡ್ಲಿಕ್ಕುಂಟಲ್ಲ? ಡಬ್ಬ ಖಾಲಿ ಕೊಡ್ಬಾರ್ದು. ನೀನು ಮರ್ತಿದ್ದೀ ಅಂತ...”

“ಮರ್ತಿಲ್ಲ ಮಾರಾಯ! ಖಾಲಿ ಇರೋದೇ ಇದರ ಅರ್ಥ! ಮೂರು ತಿಂಗಳ ಕೆಲಸ... ನಿನ್ನನ್ನು ಯಾರು ಕೇಳಿದ್ರು?”

ಅವನು ತಲೆ ತಗ್ಗಿಸಿದ. “ನಾಳೆ ಅಮ್ಮನ ಹತ್ರ ನಿನ್ನ ವಿಷಯ ತೆಗೀಬೇಕಂತ ಇದ್ದೆ. ನಮ್ಮ ಡಬ್ಬ ಖಾಲಿ ಬಂದ್ರೆ ಅಮ್ಮ ಶುರುವಲ್ಲೇ ಮುಖ ಸಿಂಡರಿಸ್ತಾರೆ...”

“ನಿಮ್ಮದೊಂದಕ್ಕೆ ಹಾಕು! ಎಲ್ಲಕ್ಕೂ ಯಾಕೆ?”

“ನಮ್ಮದು ಯಾವುದಂತ ಗೊತ್ತಾಗ್ಲಿಲ್ಲ.”

ನನ್ನ ವಿಷಯವಾ? ಇಷ್ಟು ದಿನ ಮದುವೆ ಮಾತಿಗೆ ಬಾಯಿ ಬಿಡದವನಿಗೆ ಈ ಹೊತ್ತೇ ಸಿಕ್ಕಿತಾ! ಅಳು ಬಂತು. ಸಿಟ್ಟು ಅದಕ್ಕಿಂತ ಜಾಸ್ತಿ ಬಂತು.

“ಮೊದಲು ಪೊರಕೆ ತಾ.”

ಬೆಳಗಿನವರೆಗೂ ಡಬ್ಬ ಬರಿದು ಮಾಡಿದರು, ಗುಡಿಸಿದರು, ಒರೆಸಿದರು, ದಾರ ಬಿಗಿದರು. ಆದರೂ ಎಲ್ಲೋ ಸಕ್ಕರೆಯ ಪುಡಿ ಉಳಿದಿತ್ತೇನೋ, ಹತ್ತು ಗಂಟೆಗೆ ಇರುವೆಗಳು ದಾರ ಹಿಡಿದು ಸಾಲಾಗಿ ಡಬ್ಬಗಳಿಗೆ ಇಳಿಯುತ್ತಿದ್ದವು. ಅನುಷ್ಕಾ ಅಂದುಕೊಂಡಳು: ಮುಗಿಯಿತು...

ಜಯಲತಾ ಮೇಡಂ ಬಹಳ ಹೊತ್ತು ಬಗ್ಗಿ ನೋಡಿದರು. “ಖಾಲಿ ಡಬ್ಬ ಹುಡುಕಿಕೊಂಡು ಇರುವೆ ಬರ್ತಿವೆ! ಹಿಂದಿನ ಕೆಲಸಗಳಲ್ಲಿ ಈ ಜೀವ ಇರಲಿಲ್ಲ. ಇದನ್ನ ಪ್ರದರ್ಶನಕ್ಕೆ ತಗೊಳ್ತೀವಿ. ಇರುವೆ ನಿಮ್ಮದೇ ಐಡಿಯಾನಾ?”

ಮೂಲೆಯಲ್ಲಿ ಸಮಿತ್ ಸಕ್ಕರೆ ಪ್ಯಾಕೆಟ್ಟನ್ನು ಬೆನ್ನ ಹಿಂದೆ ಸರಿಸಿದ.

“...ಹೌದು,” ಎಂದಳು ಅನುಷ್ಕಾ.

ಅವರು ಹೋದ ಮೇಲೆ ಅವನು ಮೆಲ್ಲಗೆ ಕೇಳಿದ, “ಅಮ್ಮನಿಗೆ ಏನು ಹೇಳ್ಲಿ?”

“ಡಬ್ಬ ಲೇಟಾಗ್ತದೆ ಅಂತ ಹೇಳು. ನನ್ನ ವಿಷಯವೂ ಹೇಳು. ಕೊಡುವಾಗ ಸಕ್ಕರೆ ನಾನೇ ಹಾಕ್ತೇನೆ... ನೀನು ಮಾತ್ರ ಪ್ಯಾಕೆಟ್ ಮುಟ್ಬೇಡ!”

“ಮತ್ತೆ ರಾತ್ರಿಯದ್ದು?”

ಅವನ ಕಾಲರ್ ಮೇಲೊಂದು ಇರುವೆ. ಅದನ್ನು ಬೆರಳಿನಿಂದ ಮೆಲ್ಲಗೆ ಎತ್ತಿ ಬಿಟ್ಟಳು. ರಾತ್ರಿಯ ಸಕ್ಕರೆಯ ಗುಟ್ಟನ್ನು ಯಾರಿಗೂ, ತನ್ನ ಹೆತ್ತ ಅಮ್ಮನಿಗೂ, ಹೇಳುವುದಿಲ್ಲವೆಂದು ಅವಳು ಆಗಲೇ ನಿಶ್ಚಯಿಸಿಬಿಟ್ಟಿದ್ದಳು.