ಅಂಬುಬಾಯಿಯ ದವಡೆಹಲ್ಲು

ಹಲ್ಲಿನ ಅಚ್ಚು ತೆಗೆದು, ಪ್ಲಾಸ್ಟರಿನ ಮಾದರಿ ಮಾಡಿ, ಅದರ ಮೇಲೆ ಮೇಣ ತಿದ್ದಿ, ಕುಲುಮೆಯಲ್ಲಿ ಪಿಂಗಾಣಿ ಇಳಿಸುವುದರಲ್ಲೇ ಕಾಶೀನಾಥನ ತಲೆ ನರೆತಿತ್ತು. ಅವನು ಕೆಲಸ ಮಾಡುವ ಶಹಾಬಾದದ ಹಲ್ಲಿನ ದವಾಖಾನೆಗೆ ಸ್ಕ್ಯಾನರ್ ಬಂದ ದಿನ ಡಾಕ್ಟರ್ ಭಾಗ್ಯಜ್ಯೋತಿ ಅದರ ಕಡ್ಡಿಯನ್ನು ಒಬ್ಬರ ಬಾಯೊಳಗೆ ಆಡಿಸಿದರು. ಪರದೆಯ ಮೇಲೆ ಹಲ್ಲು ಮೂಡಿತು, ಪಕ್ಕದ ಯಂತ್ರ ಗುರ್ರೆಂದು ಪಿಂಗಾಣಿ ಕೊರೆಯತೊಡಗಿತು. ಕಾಶೀನಾಥ ಚಹಾ ಕುಡಿದು ಬರುವಷ್ಟರಲ್ಲಿ ಕೆಲಸ ಮುಗಿದೇ ಹೋಗಿತ್ತು.

"ಎರಡೂ ಥರದ್ದು ಮಾಡಿ ನೋಡೋಣ್ರಿ, ಕಾಶಣ್ಣ. ಯಾವದು ಛಲೋ ಕುಂದರತದೋ ಮುಂದ ಅದನ್ನೇ ಇಟ್ಕೊಳ್ಳೋಣ್ರಿ," ಎಂದರು ಡಾಕ್ಟರು.

ಕಾಶೀನಾಥನ ಊರೇ ಆದ ರಾವೂರಿನ ಅಂಬುಬಾಯಿ ಖಡಕ್ ರೊಟ್ಟಿ ಕಡಿದು ದವಡೆಹಲ್ಲು ಒಡೆದುಕೊಂಡಿದ್ದಳು. ಆ ಕುಳಿಗೆ ಬಿಗಿಯಾಗಿ ಕೂರುವಂಥ ಎರಡು ತುಣುಕು, ಡಾಕ್ಟರರ ಮಾತಿನಲ್ಲಿ 'ಇನ್‌ಲೇ', ತಯಾರಾದವು. ಒಂದು ಯಂತ್ರದ್ದು, ಒಂದು ಕಾಶೀನಾಥನದು. ಬಣ್ಣ, ಹೊಳಪು ಎರಡಕ್ಕೂ ಒಂದೇ. ಬೇರೆ ಬೇರೆ ಡಬ್ಬಿಗೆ ಹಾಕಿ ಡಾಕ್ಟರು ಚೀಟಿ ಅಂಟಿಸಿದರು.

ಕಾಶೀನಾಥ ಲೆಕ್ಕ ಹಾಕಿದ. ಯಂತ್ರದ್ದನ್ನು ಮುರಿದರೆ ಅನುಮಾನ ಬರುತ್ತದೆ. ಕದ್ದರೆ ಯಂತ್ರ ಇನ್ನೊಂದು ಕೊರೆದು ಕೊಡುತ್ತದೆ. ಒಳಗಿನ ಅಂಚನ್ನು ಚೂರೇ ಚೂರು ಉಜ್ಜಿಬಿಟ್ಟರೆ? ತುಣುಕು ಬಾಯಲ್ಲಿ ಅಲುಗಾಡುತ್ತದೆ, ಕೆಟ್ಟ ಹೆಸರು ಯಂತ್ರಕ್ಕೆ. ಡಾಕ್ಟರು ಊಟಕ್ಕೆ ಹೋದಾಗ ಕಾಶೀನಾಥ 'ಯಂತ್ರ' ಎಂಬ ಚೀಟಿಯ ಡಬ್ಬಿ ತೆರೆದ. ತುಣುಕನ್ನು ಬೆಳಕಿಗೆ ಹಿಡಿದು ಮೂಗು ಮುರಿದ. ಇದಕ್ಕೆ ಹಲ್ಲು ಅಂತಾರಾ? ಜೀವವೇ ಇಲ್ಲ. ಉಜ್ಜಿದ, ಧೂಳು ಒರೆಸಿದ, ಇದ್ದಲ್ಲೇ ಇಟ್ಟ. ಆಮೇಲೆ ಬುತ್ತಿ ಬಿಚ್ಚಿ ಹೊಟ್ಟೆತುಂಬ ಉಂಡ.

ಮಧ್ಯಾಹ್ನ ಅಂಬುಬಾಯಿ ಬಾಯಿ ತೆರೆದು ಕೂತಳು. "ಇದು ಕಾಶಣ್ಣಂದು," ಎಂದು ಡಾಕ್ಟರು ಮೊದಲನೆಯದನ್ನು ಕೂರಿಸಿದರು.

"ಹುಟ್ಟಿದ ಹಲ್ಲಿನಂಗ ಅದರಿ!"

"ಇದು ಯಂತ್ರದ್ದು."

"ಯವ್ವಾ, ಇದು ಅಳ್ಳಾಡ್ತದ!"

ಕಾಶೀನಾಥನಿಗೆ ತಡೆಯಲಾಗಲಿಲ್ಲ. "ನೋಡಿದ್ರೇನ್ರಿ ಮೇಡಂ? ಇಂಥಾದ್ದು ಮಾಡಿದಾಂವ ಯಾವನಾದ್ರೂ ಇದ್ದಿದ್ರ, ಅವತ್ತೇ ಕೆಲಸದಿಂದ ತೆಗೀಬೇಕಿತ್ತು."

ಡಾಕ್ಟರು ಎರಡೂ ಡಬ್ಬಿಗಳನ್ನು ಅವನ ಮುಂದಿಟ್ಟರು. "ಅಂಬುಬಾಯಿ ನಿಮ್ಮೂರಾಕಿ, ಹೆಸರು ಕೇಳಿ ನಿಮ್ಮ ಕಡಿಗೇ ವಾಲ್ತಾಳಂತ ಚೀಟಿ ಅದಲಬದಲ ಮಾಡಿ ಅಂಟಿಸಿದ್ದೆ, ಕಾಶಣ್ಣ," ಎಂದರು ಮೆಲ್ಲಗೆ. "ಅಳ್ಳಾಡೋದು ನಿಮ್ದೇ." ಕಾಶೀನಾಥ ಬಾಯಿ ತೆರೆದ. ಅದನ್ನು ಉಜ್ಜಿದ್ದು ತಾನೇ ಎಂದು ಹೇಳದೆ ಕೈಕಸುಬಿನ ಮಾನ ಉಳಿಯುವಂತಿರಲಿಲ್ಲ. ಹೇಳಿದರೆ ತಾನೇ ಉಳಿಯುವಂತಿರಲಿಲ್ಲ. ಬಾಯಿ ಮುಚ್ಚಿದ.