ಕಿರುಬೆರಳಿನ ಅಳತೆಯ ಸುರುಳಿ

"ಇದನ್ನ ಮಾರಿದ್ದು ನೀವೇ ಅಲ್ವಾ?"

ಅವನು ಗಾಜಿನ ಕೌಂಟರಿನ ಮೇಲೆ ಅದನ್ನು ಕುಕ್ಕಿದ ರಭಸಕ್ಕೆ ಅಂಗಡಿಯಲ್ಲಿದ್ದ ಮೂವತ್ತು ಸಾವಿರ ಗಾಳದ ಕೊಕ್ಕೆಗಳೂ ಒಮ್ಮೆಲೇ ನಡುಗಿಹೋದವು. ಮೂವತ್ತು ಸಾವಿರವಿರಲಿಲ್ಲ ಎನ್ನುವವರು ಬಂದು ಎಣಿಸಿಕೊಳ್ಳಲಿ!

ಕೌಂಟರಿನ ಮೇಲೆ ಬಿದ್ದದ್ದು ನೈಲಾನ್ ದಾರದ ಸಿಕ್ಕು. ಅಂತಿಂಥ ಸಿಕ್ಕಲ್ಲ. ಹದ್ದೊಂದು ಅದರಲ್ಲಿ ಮೊಟ್ಟೆಯಿಟ್ಟು, ಮರಿ ಮಾಡಿ, ಮೊಮ್ಮಕ್ಕಳ ಮುಖವನ್ನೂ ನೋಡಬಹುದಿತ್ತು.

ಅವಳು ತಲೆಯೆತ್ತಿದಳು. ಎದುರಿಗೆ ಬಿಸಿಲಿಗೆ ಕಂದಿದ ಮುಖ, ಕೆಂಡದಂಥ ಕಣ್ಣು.

'ಅಬ್ಬಾ... ಕೋಪ ಒಬ್ಬ ಮನುಷ್ಯನಿಗೆ ಇಷ್ಟು ಚೆನ್ನಾಗಿ ಒಪ್ಪುತ್ತಾ?'

ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಆ ಸಿಟ್ಟನ್ನು ಅವನ ಮೇಲೆ ತಿರುಗಿಸಿದಳು.

ಅವಳೆಂದರೆ ಸಾಮಾನ್ಯಳೇ? ಸೋದರಮಾವನ ಗಾಳದ ಸಾಮಾನಿನ ಅಂಗಡಿಯನ್ನು ಒಂದೇ ಕೈಯಲ್ಲಿ ನಡೆಸುವವಳು. ಕೆರೆಯ ಸುತ್ತ ಎಲ್ಲರೂ ಅವಳನ್ನು ಕರೆಯುತ್ತಿದ್ದದ್ದು 'ದಾರದ ಡಾಕ್ಟರಮ್ಮ' ಎಂದು. ಅವಳು ಕಣ್ಣು ಹಾಯಿಸಿದರೆ ಸಾಕು, ಗಂಟುಗಳು ಹೆದರಿ ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವಂತೆ!

"ನಾನೇ ಮಾರಿದ್ದು. ಈಗೇನಾಯ್ತು?"

"ನಿನ್ನೆ ಗಾಳದ ಸಂಘದ ಕಾರ್ಯದರ್ಶಿ ನನ್ನ ದೋಣೀಲಿ ಬಂದಿದ್ರು. ದೊಡ್ಡ ಮೀನು ಕಚ್ಚಿತ್ತು. ಅಷ್ಟರಲ್ಲಿ ದಾರ ರೀಲಿನಿಂದ ಸುರುಳಿ ಸುರುಳಿಯಾಗಿ ಎಗರಿ ಹೀಗಾಯ್ತು. ಮೀನೂ ಹೋಯ್ತು. ಬರೋ ಭಾನುವಾರ ಸಂಘದವರು ಈ ವರ್ಷ ಯಾರ ದೋಣಿ ಬಾಡಿಗೆಗೆ ಹಿಡಿಯೋದು ಅಂತ ತೀರ್ಮಾನ ಮಾಡ್ತಾರೆ. ನನ್ನ ಹೊಟ್ಟೆಪಾಡು ಮೇಡಂ ಅದು..."

ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳಿದ್ದರು. ನಾಲ್ಕೂ ಜೊತೆ ಕಿವಿ ಇತ್ತಲೇ ನೆಟ್ಟಿದ್ದವು.

"ಸುತ್ತೋಕೆ ಬರಲ್ಲ ಅಂದ್ರೆ ದಾರದ ಮೇಲ್ಯಾಕೆ ಗೂಬೆ ಕೂರಿಸ್ತೀರಾ?" ಎಂದಳು ಅವಳು. "ಇಷ್ಟು ಅಚ್ಚುಕಟ್ಟಾಗಿ ಗೂಡು ಕಟ್ಟಿದೀರಲ್ಲ, ದೋಣಿ ಬಿಟ್ಟು ಅದೇ ಕಸುಬು ಮಾಡಿ. ಗೀಜುಗ!"

ಅಂಗಡಿ ಗೊಳ್ಳೆಂದಿತು. ಗಿರಾಕಿಗಳಲ್ಲೊಬ್ಬರಾದ ನಿವೃತ್ತ ಮೇಷ್ಟ್ರು ನಕ್ಕ ನಗುವಿಗೆ ಹಲ್ಲುಸೆಟ್ಟು ಅರ್ಧ ಹೊರಗೆ ಬಂತು.

ದೋಣಿಯವನು ನಗಲಿಲ್ಲ. ಸಿಕ್ಕಿನಿಂದ ಇಣುಕುತ್ತಿದ್ದ ಒಂದು ಸುರುಳಿಯನ್ನು ಬೆರಳಿಗೆ ಸಿಕ್ಕಿಸಿ ನೋಡಿದ. ಗಾಜಿನ ಕಪಾಟಿನ ಕಡೆ ನೋಡಿದ. ಬಾಗಿಲಲ್ಲಿ ನಿಂತಿದ್ದ ಅವಳ ಮಾವನನ್ನು ನೋಡಿದ. ಏನೋ ಹೇಳಲು ಬಾಯಿ ತೆರೆದವನು ಹಾಗೇ ಮುಚ್ಚಿಕೊಂಡ.

"ಸರಿ ಮೇಡಂ," ಎಂದಷ್ಟೇ ಹೇಳಿ ಹೊರಟುಹೋದ.

ಗೀಜುಗ ಎಂಬ ಹೆಸರು ಅವನಿಗಿಂತ ಮೊದಲೇ ದೋಣಿಕಟ್ಟೆ ತಲುಪಿತ್ತು!

* * *

ಸಂಜೆ ಅಂಗಡಿ ಖಾಲಿಯಾದಾಗ ಅವಳು ಆ ಸಿಕ್ಕನ್ನು ಮುಂದೆ ಎಳೆದುಕೊಂಡಳು. ಅವಳನ್ನು ಸೋಲಿಸಿದ ಸಿಕ್ಕು ಈ ಭೂಮಿಯ ಮೇಲೆ ಇನ್ನೂ ಹುಟ್ಟಿರಲಿಲ್ಲ.

ಒಂದು ಮಾರು ದಾರ ಬಿಡಿಸಿ ಮೇಜಿನ ಮೇಲೆ ಹರಡಿದಳು. ಅದು ಸುರ್ರನೆ ಮತ್ತೆ ಸುರುಳಿ ಸುತ್ತಿಕೊಂಡಿತು. ಎಳೆದಳು. ಬಿಟ್ಟಳು. ಮತ್ತೆ ಸುರುಳಿ. ಆಟಕ್ಕೆಂದು ಒಂದನ್ನು ಕಿರುಬೆರಳಿಗೆ ಹಾಕಿಕೊಂಡಳು. ಉಂಗುರದಂತೆ ಸರಿಯಾಗಿ ಕೂತಿತು.

ಬೆರಳನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದಳು.

ದೋಣಿಯವನ ರೀಲು ದೊಡ್ಡದು, ಊಟದ ಬಟ್ಟಲಿನಷ್ಟು ಅಗಲ. ತಪ್ಪು ಅವನ ಕೈಯದ್ದಾಗಿದ್ದರೆ ಸುರುಳಿಯೂ ಬಟ್ಟಲಿನಷ್ಟೇ ಇರಬೇಕಿತ್ತು. ಇದು ಕಿರುಬೆರಳಿನಷ್ಟು!

ಕಪಾಟಿನಿಂದ ಒಂದು ಉರುಳೆ ತೆಗೆದಳು. ದರ್ಜಿಯ ಹತ್ತಿರ ಖಾಲಿ ಉರುಳೆಗಳನ್ನು ತಂದು, ಅವುಗಳಿಗೆ ದಪ್ಪ ದಾರ ಸುತ್ತಿ, ಬಿಸಿಲು ಬೀಳುವ ಗಾಜಿನ ಹಿಂದೆ ಮುತ್ತಿನ ಸಾಲಿನಂತೆ ಜೋಡಿಸಿದ್ದು ಅವಳದೇ ಯೋಜನೆ. ಸುತ್ತಿ ವರ್ಷವಾಗಿತ್ತು. 'ದಪ್ಪ ದಾರಾನ ಸಣ್ಣ ಉರುಳೆಗೆ ಸುತ್ತಬೇಡ ಪುಟ್ಟಿ, ಅದು ಅದೇ ಆಕಾರಕ್ಕೆ ಒಗ್ಗಿಹೋಗುತ್ತೆ. ಆಮೇಲೆ ಯಾವ ರೀಲಿಗೆ ಹಾಕಿದ್ರೂ ಸ್ಪ್ರಿಂಗಿನ ಹಾಗೆ ಎಗರುತ್ತೆ' ಎಂದು ಮಾವ ಆಗಲೇ ಹೇಳಿದ್ದ. 'ನಿಮ್ಮ ಕಾಲದ ದಾರ ಅಲ್ಲ ಮಾವ ಇದು' ಎಂದು ಇವಳು ಬಾಯಿ ಮುಚ್ಚಿಸಿದ್ದಳು.

ಸುರುಳಿಯನ್ನು ಉರುಳೆಗೆ ಹೊಂದಿಸಿದಳು. ಅಳತೆ ಕೊಟ್ಟು ಹೊಲಿಸಿದಂತೆ ಕೂತಿತು.

ಕಿವಿಯ ತುದಿಯವರೆಗೂ ಬಿಸಿಯೇರಿತು. ಆ ಬಿಸಿಯಲ್ಲಿ ಹಂಡೆ ನೀರು ಕಾಯಿಸಬಹುದಿತ್ತು.

"ಮಾವ..." ಎಂದಳು, ಬಾಗಿಲು ಹಾಕುತ್ತಿದ್ದವನ ಬೆನ್ನಿಗೆ. "ತಪ್ಪು ನಂದೇ. ಒಳಗೊಳಗೇ ಒಂದು ಹೊಸ ದಾರ ಕೊಟ್ಟು ಮುಗಿಸಿಬಿಡ್ಲಾ?"

ಮಾವ ತಿರುಗಿ ನೋಡಿದ.

"ಬೈದಿದ್ದು ಒಳಗೊಳಗೇನಾ ಪುಟ್ಟಿ?"

ಅಷ್ಟೇ. ಆ ಮಾತಿನ ಪೆಟ್ಟಿಗೆ ಅವಳು ಮೂರು ದಿನ ಸರಿಯಾಗಿ ತುತ್ತು ನುಂಗಲಿಲ್ಲ.

* * *

ಆದರೂ ಹೇಡಿತನ ನೋಡಿ! ಶನಿವಾರ ಹೊಸ ದಾರ ಹಿಡಿದು ಕದ್ದುಮುಚ್ಚಿ ದೋಣಿಕಟ್ಟೆಗೆ ಹೋದಳು.

ಅವನು ಬಾಗಿ ದೋಣಿಯ ನೀರು ಚೆಲ್ಲುತ್ತಿದ್ದ.

"ಇದು... ಹೊಸದು. ತೆಳುವಾಗಿದೆ, ಮೆತ್ತಗಿದೆ. ಕಂಪನಿಯ ದೊಡ್ಡ ಚಕ್ರದಿಂದ ಇವತ್ತೇ ಬಿಚ್ಚಿದ್ದು. ಹಾಗೇ ತಗೊಳ್ಳಿ."

"ಸುತ್ತೋಕೆ ಬರದವನಿಗೆ ಹೊಸ ದಾರ ಯಾಕೆ ಮೇಡಂ? ಇನ್ನೊಂದು ಸಲ ನಗೋಕಾ?"

"ಅಯ್ಯೋ, ಹಾಗಲ್ಲ! ನಾನು..."

"ಏ ಗೀಜುಗಾ! ಗೂಡಿಗೆ ಹೆಣ್ಣುಹಕ್ಕಿ ಬಂದಂಗಿದೆ!" ಪಕ್ಕದ ದೋಣಿಯಿಂದ ಯಾರೋ ಕೂಗಿದರು.

ಅವನ ಕಿವಿಗಳು ಕೆಂಪಾದವು. ತಲೆ ಇನ್ನಷ್ಟು ಬಗ್ಗಿತು.

ಅವಳು ನೋಡಿದಳು. ತಾನೇ ಇಟ್ಟ ಹೆಸರು ಒಬ್ಬ ಗಂಡಸಿನ ಬೆನ್ನನ್ನು ಹೇಗೆ ಬಗ್ಗಿಸುತ್ತದೆ ಎಂದು ಕಣ್ಣಾರೆ ನೋಡಿದಳು. ದಾರವನ್ನು ಎದೆಗೊತ್ತಿಕೊಂಡು ಓಡಿಬಂದಳು.

'ಛೀ! ಬೈಯೋಕೆ ಇದ್ದ ನಾಲಿಗೆ, ತಪ್ಪಾಯ್ತು ಅನ್ನೋಕೆ ಎಲ್ಲಿ ಸತ್ತಿತ್ತು?'

* * *

ಭಾನುವಾರ ಬೆಳಿಗ್ಗೆ ದೋಣಿಕಟ್ಟೆಯಲ್ಲಿ ಭೂಮಂಡಲವೇ ನೆರೆದಿತ್ತು. ಲೆಕ್ಕಕ್ಕೆ ಇಪ್ಪತ್ತೆರಡು ಜನ ಎನ್ನುತ್ತಾರೆ. ಅವಳ ಕಣ್ಣಿಗೆ ಭೂಮಂಡಲವೇ.

ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡರು. "ನಮ್ಮ ಗೀಜುಗನ ದೋಣಿ ಒಂದು ಬಿಟ್ಟು, ಉಳಿದಿದ್ದು ನೋಡೋಣ..."

"ಒಂದು ನಿಮಿಷ ಸಾರ್!"

ಅವಳ ಕಾಲುಗಳು ಯಾರದೋ ಕಾಲುಗಳಂತೆ ಮುಂದೆ ಹೋದವು. ಒಂದು ಕೈಯಲ್ಲಿ ಉರುಳೆ, ಇನ್ನೊಂದರಲ್ಲಿ ಸುರುಳಿ ಬಿದ್ದ ದಾರ.

"ನಿಮ್ಮ ಮೀನು ತಪ್ಪಿದ್ದು ಅವರ ಕೈಯಿಂದ ಅಲ್ಲ ಸಾರ್. ನನ್ನ ಕೈಯಿಂದ. ನೋಡಿ, ಈ ಸುರುಳಿ ಅವರ ರೀಲಿನ ಅಳತೆದಲ್ಲ, ನನ್ನ ಈ ಉರುಳೆ ಅಳತೆದು. ಒಂದು ವರ್ಷ ಬಿಸಿಲಲ್ಲಿ ಇಟ್ಟಿದ್ದನ್ನ ಹೊಸದು ಅಂತ ಮಾರಿದೆ. ಮಾವ ಬೇಡ ಅಂದಿದ್ರು, ಕೇಳ್ಲಿಲ್ಲ. ಇವರು ನ್ಯಾಯ ಕೇಳೋಕೆ ಬಂದಾಗ ನಾಲ್ಕು ಜನರ ಮುಂದೆ ಅವಮಾನ ಮಾಡಿದೆ. ಕಪಾಟಿನ ದಾರ ತಗೊಂಡೋರು ಎಲ್ಲರೂ ವಾಪಸ್ ತನ್ನಿ, ಬದಲಿ ಕೊಡ್ತೀನಿ. ಆ ಹೆಸರನ್ನೂ..." ದನಿ ಒಡೆಯಿತು. "ಆ ಹೆಸರನ್ನೂ ವಾಪಸ್ ತಗೋತೀನಿ."

ಒಂದು ಕ್ಷಣ ಕೆರೆಯ ಮೀನುಗಳೂ ಈಜುವುದನ್ನು ನಿಲ್ಲಿಸಿದವು.

"ಡಾಕ್ಟರಮ್ಮನಿಗೇ ರೋಗ!" ಎಂದು ಯಾರೋ ಅಂದರು. ನಗೆ ಹಬ್ಬಿತು. ಆ ನಗೆ ಹೇಗಿರುತ್ತದೆ ಎಂದು ಅವಳಿಗೆ ಈಗ ಗೊತ್ತಾಯಿತು. ಓಡಲಿಲ್ಲ. ನಿಂತೇ ಇದ್ದಳು.

"ಹೆಸರು ವಾಪಸ್ ಬರಲ್ಲಮ್ಮ," ಎಂದರು ಮೇಷ್ಟ್ರು ಮೆಲ್ಲಗೆ. "ತಪ್ಪು ನಂದು ಅನ್ನೋ ಮಾತು ಬಂತಲ್ಲ, ಅದು ದೊಡ್ಡದು. ಅವತ್ತು ನಾನೂ ನಗಬಾರದಿತ್ತು."

ಕಾರ್ಯದರ್ಶಿ ದೋಣಿಯವನ ಕಡೆ ತಿರುಗಿದರು. "ತೀರ್ಮಾನ ಒಂದು ವಾರ ಮುಂದಕ್ಕೆ. ಬರೋ ಭಾನುವಾರ ಇನ್ನೊಂದು ಸಲ ನಿನ್ನ ದೋಣಿ ಹತ್ತುತ್ತೀನಪ್ಪ. ದಾರ ಮಾತ್ರ ನೋಡ್ಕೊಂಡು ಸುತ್ತು!"

* * *

ಜನ ಚೆದುರಿದರು. ಕಟ್ಟೆಯ ಮೇಲೆ ಅವರಿಬ್ಬರೇ ಉಳಿದರು.

"ನಂಗೆ ಅವತ್ತೇ ಗೊತ್ತಾಗಿತ್ತು," ಎಂದ ಅವನು.

"ಏನು?"

"ಸುರುಳಿ ಬೆರಳಿಗೆ ಹಾಕ್ಕೊಂಡಾಗಲೇ. ಕಪಾಟಲ್ಲಿ ಅದೇ ಅಳತೆ ಉರುಳೆ ಸಾಲಾಗಿತ್ತು."

"ಗೊತ್ತಿದ್ದೂ... ಸುಮ್ನೆ ಹೋದ್ರಾ?!"

"ನಿಮ್ಮ ಮಾವ ಬಾಗಿಲಲ್ಲಿ ನಿಂತಿದ್ರು. ಗಿರಾಕಿಗಳೂ ಇದ್ರು. ಅವರ ಮುಂದೆ ಅಂಗಡಿ ಮರ್ಯಾದೆ ತೆಗೆಯೋಕೆ ಮನಸ್ಸು ಬರ್ಲಿಲ್ಲ."

ಇಪ್ಪತ್ತೆರಡು ಜನರ ಮುಂದೆ ಬೀಳದ ಕಣ್ಣೀರು ಈಗ ದಳದಳನೆ ಬಿತ್ತು. ಅವನು ಅವಳ ಮರ್ಯಾದೆ ಉಳಿಸಿದ್ದ ಆ ಹೊತ್ತಿನಲ್ಲಿ, ಅವಳು ಅವನದನ್ನು ಹರಾಜು ಹಾಕಿದ್ದಳು!

"ಬೈದುಬಿಡಿ. ದಯವಿಟ್ಟು ಬೈದುಬಿಡಿ ನನ್ನ."

"ಬೈಯೋದು ಆಮೇಲೆ. ಆ ಹೊಸ ದಾರ ತಂದಿದೀರಾ? ತುದಿ ಹಿಡ್ಕೊಳ್ಳಿ, ಎಳೆದು ಸುತ್ತೋಣ."

ಅವಳು ಹೆಗಲ ಚೀಲದಿಂದ ಅದನ್ನು ತೆಗೆದು ತುದಿ ಹಿಡಿದಳು. ಹೊಸ ದಾರಕ್ಕೂ ಚಕ್ರದ ಬಾಗು ಸ್ವಲ್ಪ ಇದ್ದೇ ಇರುತ್ತದೆ. ಅದನ್ನು ಉದ್ದಕ್ಕೆ ಬಿಚ್ಚಿ, ಎರಡೂ ತುದಿಯಿಂದ ಒಂದೇ ಹದದಲ್ಲಿ ಜಗ್ಗಿ ಹಿಡಿದರೆ ನೆಟ್ಟಗಾಗುತ್ತದೆ. ಅವನು ಹಿಂದೆ ಹಿಂದೆ ನಡೆದು ಐವತ್ತು ಹೆಜ್ಜೆ ದೂರ ನಿಂತ. ನಡುವೆ ಬಿಸಿಲಿಗೆ ಹೊಳೆಯುವ ಒಂದೇ ಒಂದು ಎಳೆ.

ಅವಳ ಎರಡೂ ಕೈ ದಾರದಲ್ಲಿ. ಮುಖ ಮುಚ್ಚಿಕೊಳ್ಳುವಂತಿಲ್ಲ, ಮೂಗೊರೆಸುವಂತಿಲ್ಲ. ಹಾಡಹಗಲಲ್ಲಿ, ಅತ್ತ ಮುಖ ಹೊತ್ತು ಅವನೆದುರು ನೆಟ್ಟಗೆ ನಿಂತಳು.

"ನಿಮ್ಮ ಮುಖ ನೋಡೋಕೇ ಆಗ್ತಿಲ್ಲ ನಂಗೆ!" ಎಂದು ಕೂಗಿದಳು.

"ನಂಗೆ ಆಗ್ತಿದೆ!" ಎಂದು ಅವನೂ ಕೂಗಿದ. "ಮೊದಲು ದಾರ ತಗೊಳ್ಳೋಕೆ ಬಂದಾಗ ನೀವು ತಲೆ ಎತ್ತಿ ನೋಡ್ಲೇ ಇಲ್ಲ. ನಂಗೆ ದಾರ ಬೇಕೇ ಇರ್ಲಿಲ್ಲ ಮೇಡಂ! ಗಾಜಿನ ಹಿಂದೆ ನೀವು ಉರುಳೆ ಒರೆಸ್ತಾ ಇದ್ರಿ... ಒಳಗೆ ಬಂದುಬಿಟ್ಟೆ!"

ಕೆರೆಯ ಆಚೆ ದಡದ ಬಟ್ಟೆ ಒಗೆಯುವವರೂ ಕೈ ನಿಲ್ಲಿಸಿ ಇತ್ತ ನೋಡಿದರು.

"ಇಷ್ಟೆಲ್ಲಾ ಆದ್ಮೇಲೂನಾ?" ಎಂದಳು ಅವಳು.

"ಇವತ್ತಾದ್ಮೇಲೆ ಇನ್ನೂ ಜಾಸ್ತಿ!"

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಊರಿಗೆಲ್ಲ ಕೇಳೋ ಹಾಗೆ ಕೂಗ್ಬೇಡಿ. ಹತ್ರ ಬಂದು ಹೇಳಿ."

"ಬಂದ್ರೆ ದಾರ ಸಡಿಲ ಆಗುತ್ತೆ!"

"ಆಗ್ಲಿ ಬನ್ನಿ," ಎಂದಳು ಅವಳು. "ಮತ್ತೆ ಮೊದಲಿಂದ ಎಳೆಯೋಣ."