ದಿನಕ್ಕೊಂದು ಮಿಲಿಮೀಟರ್

"ನನ್ನ ಫೋನ್ ಯಾಕ ಎತ್ತವಲ್ಲಿರಿ?"

ನಿಪ್ಪಾಣಿಯ ಫಿಜಿಯೋಥೆರಪಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತಿದ್ದ ಸನ್ಮತಿ ಬೆಚ್ಚಿ ತಲೆಯೆತ್ತಿದ. ಎದುರಿಗೆ ಸ್ನೇಹಲ. ಐನಾಪುರದಿಂದ ಎರಡು ಬಸ್ಸು ಬದಲಿಸಿ ಬಂದವಳು ಹಣೆಯ ಬೆವರನ್ನೂ ಒರೆಸಿಕೊಂಡಿರಲಿಲ್ಲ.

"ಮದುವಿ ಬ್ಯಾಡಂತ ಕಾಕಾನ ಕೈಲೆ ಹೇಳಿ ಕಳಿಸೀನಲ್ರಿ."

"ನನ್ನ ನಿಶ್ಚಯ ಆಗಿದ್ದು ನಿಮ್ಮ ಜೋಡಿ. ಕಾಕಾನ ಜೋಡಿ ಅಲ್ಲ."

ಎರಡು ತಿಂಗಳ ಹಿಂದೆ ಬೋರಗಾಂವದ ಅವನ ಪವರ್‌ಲೂಮ್ ಶೆಡ್ಡಿನಲ್ಲಿ ಕಿಟಕಿಯ ಗಾಜು ಒಡೆದು ಬಲ ಮಣಿಕಟ್ಟನ್ನು ಸೀಳಿತ್ತು. ತುಂಡಾದ ನರವನ್ನು ಡಾಕ್ಟರು ಹೊಲಿದಿದ್ದರು. ಆದರೆ ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಸ್ಪರ್ಶವೇ ಇರಲಿಲ್ಲ.

"ಮುಂಜಾನೆ ಚಾದ ಕಪ್ ಹಿಡದೆ. ಬೆರಳು ಸುಟ್ಟದ್ದ ಗೊತ್ತಾಗಲಿಲ್ಲ. ಇಂಥಾ ಕೈಲೆ ನಿಮ್ಮ ಕೈ ಹೆಂಗ ಹಿಡೀಲಿ?"

"ಡಾಕ್ಟರ್ ಏನಂದ್ರು?"

"ಹೊಲಿಗಿ ಹಾಕಿದ ಜಾಗಾದಿಂದ ನರ ಹೊಸದಾಗಿ ಬೆಳೀಬೇಕಂತ. ದಿನಕ್ಕ ಒಂದ ಮಿಲಿಮೀಟರ್. ಪೂರಾ ಬರ್ತೈತಿ ಅಂತ ಗ್ಯಾರಂಟಿ ಇಲ್ಲ."

ಸ್ನೇಹಲ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು. "ಹೊಟ್ಟ್ಯಾಗಿನ ಕೂಸಿನ ನರಾನೂ ಹಿಂಗ ದಾರಿ ಹುಡಿಕ್ಕೊಂಡ ಬೆಳೀತಾವ. ಅದರ ಕೈ ಸಣ್ಣದು, ಜಲ್ದಿ ಮುಟ್ಟತಾವ. ನಿಮ್ಮ ಕೈ ನೋಡ್ರಿ, ಎಷ್ಟ ದೊಡ್ಡದೈತಿ!"

ಅವಳು ನೋಡಿದ ರೀತಿಗೆ ಅವನ ಕಿವಿ ಕೆಂಪಾದವು.

ಅಂದಿನಿಂದ ಪ್ರತಿ ಭಾನುವಾರ ಬಂದಳು. ಫಿಜಿಯೋಥೆರಪಿಸ್ಟ್ ಮಂಗಲ ಅವಳಿಗೆ ಕಲಿಸಿಕೊಟ್ಟಳು: ಅಂಗೈಯನ್ನು ಮೆಲ್ಲಗೆ ತಟ್ಟುತ್ತ ಹೋಗಬೇಕು, ಎಲ್ಲಿ ಕರೆಂಟು ಹೊಡೆದಂತೆ ಜುಂ ಅನ್ನುತ್ತದೋ ನರ ಅಲ್ಲಿಗೆ ಬಂದಿದೆ. ಸ್ನೇಹಲ ಅಲ್ಲೊಂದು ಪೆನ್ನಿನ ಗೆರೆ ಎಳೆಯುತ್ತಿದ್ದಳು. ಒಂದು ವಾರ ಅಂಗೈಯ ಬುಡ. ಮುಂದಿನ ವಾರ ಅಲ್ಲಿಂದ ಎರಡು ಜೋಳದ ಕಾಳಿನಷ್ಟು ಮುಂದೆ.

ಸನ್ಮತಿಗೆ ಕೂತಲ್ಲಿ ನಿಂತಲ್ಲಿ ಸಮಾಧಾನವಿಲ್ಲ. ಮಗ್ಗಗಳ ಗದ್ದಲದ ನಡುವೆಯೂ ಅಂಗೈ ತಟ್ಟಿಕೊಳ್ಳುತ್ತಿದ್ದ. ಕಾಯುತ್ತಿರುವುದು ನರಕ್ಕೋ ಭಾನುವಾರಕ್ಕೋ ಅವನಿಗೇ ತಿಳಿಯದು.

ಆರನೆಯ ತಿಂಗಳು ಬೆರಳುಗಳಿಗೆ ಸ್ಪರ್ಶ ಬಂತು. ಅವನ ಕಣ್ಣು ಮುಚ್ಚಿಸಿ ಸ್ನೇಹಲ ಒಂದು ಬೆರಳನ್ನು ಮುಟ್ಟಿದಳು.

"ತೋರಬೆರಳು!" ಅವನು ಖುಷಿಯಿಂದ ಕೂಗಿದ. ಕಣ್ಣು ಬಿಟ್ಟರೆ ಅವಳು ಹಿಡಿದದ್ದು ನಡುಬೆರಳು.

"ನರದ ಕೆಲವು ಎಳಿ ದಾರಿ ತಪ್ಪಿ ಬಾಜೂಕಿನ ಬೆರಳಿಗೆ ಹೋಗ್ಯಾವ," ಎಂದಳು ಮಂಗಲ. "ಯಾವ ಬೆರಳು ಯಾವುದಂತ ಮೆದುಳಿಗೆ ಮತ್ತ ಕಲಿಸಬೇಕ."

ಸನ್ಮತಿ ಕೈ ಕಿತ್ತುಕೊಂಡ. "ಸಾಕ್ರಿ. ಇನ್ನ ಬರಬ್ಯಾಡ್ರಿ ನೀವು."

"ಎರಡನೇ ಸಲ ಬ್ಯಾಡ ಅಂದ್ರಿ," ಸ್ನೇಹಲ ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡಳು. "ಮೂರನೇ ಸಲ ಕೇಳಾಕ ನಾ ಬರಂಗಿಲ್ಲ."

ಮುಂದಿನ ಭಾನುವಾರ ಅವಳು ಬರಲಿಲ್ಲ. ಕ್ಲಿನಿಕ್ ಬಾಗಿಲು ಹಾಕುವವರೆಗೂ ಸನ್ಮತಿ ಬಂದ ಬಸ್ಸುಗಳನ್ನೆಲ್ಲ ನೋಡಿದ.

ಸೋಮವಾರ ಬೆಳಗ್ಗೆ ಮಗ್ಗ ನಿಲ್ಲಿಸಿ ಐನಾಪುರಕ್ಕೆ ಹೋದ. ಅಂಗಳದಲ್ಲಿ ಅವಳ ತಂದೆ ಆಬಾಸಾಹೇಬರು ಪೇಪರ್ ಓದುತ್ತಿದ್ದರು.

"ಅವತ್ತ ಕಾಕಾನ ಕಳಿಸಿದ್ದು ತಪ್ಪಾತ್ರಿ. ಈಗ ನಾನ ಬಂದೀನಿ. ಕೈ ಪೂರಾ ಮೊದಲಿನಂಗ ಆಗಂಗಿಲ್ಲ, ಖರೇ ಹೇಳ್ತೀನಿ. ಆದ್ರ ಅವರಿಲ್ಲದ ಒಂದ ಐತವಾರ ಕಳಿಯಾಕ ಆಗಲಿಲ್ಲ ನನಗ."

"ನನಗ್ಯಾಕ ಹೇಳ್ತೀಪಾ? ಅಕಿಗೆ ಹೇಳು," ಎಂದು ಅವರು ಮತ್ತೆ ಪೇಪರಿಗೆ ಮುಖ ಹಾಕಿದರು.

ಸ್ನೇಹಲ ಶಾಲೆಗೆ ಹೊರಟು ಹೊಸ್ತಿಲಲ್ಲೇ ಇದ್ದಳು, ಹೆಗಲಿಗೆ ಬ್ಯಾಗು.

"ನಿನ್ನಿ ಮೂರ ಸಲ ಬಸ್‌ಸ್ಟ್ಯಾಂಡಿಗೆ ಹೋಗಿ ವಾಪಸ್ ಬಂದೀನಿ," ಎಂದಳು, ಅವನತ್ತ ನೋಡದೆ.

"ಮತ್ತ ಈಗ?"

"ಈಗ ಸಾಲಿಗೆ ಲೇಟ್ ಆಗೈತಿ." ಅವಳು ಚಪ್ಪಲಿ ಮೆಟ್ಟಿಕೊಂಡಳು. "ನನ್ನ ಜೋಡಿ ನಡೀರಿ. ದಾರ್‍ಯಾಗ ಹೂಂ ಅಂತೀನಿ."